ಅಡ್ವಾನ್ಸ್ ಇಲ್ಲದ ತಾಯಿಗೆ ಮನೆ

ಬೆಂಗಳೂರಿನಲ್ಲಿ ‘ಟು-ಲೆಟ್’ ಬೋರ್ಡ್ ನೋಡಿ ಬಾಗಿಲು ತಟ್ಟಿದ ಹೆಂಗಸನ್ನು ಓನರ್ ಕೇಳುವ ಮೊದಲ ಮಾತು: “ನಿಮ್ಮ ಯಜಮಾನರು ಎಲ್ಲಿ ಕೆಲಸ ಮಾಡೋದಮ್ಮ?” ಗಂಡನಿಂದ ದೂರವಾಗಿ, ಕೆಲಸವೂ ಇಲ್ಲದೆ ಮಕ್ಕಳನ್ನು ಕಟ್ಟಿಕೊಂಡು ಬಂದವಳು ನಿಜ ಹೇಳಿದರೆ, ಮನೆ ಆಗಲೇ ಬೇರೆಯವರಿಗೆ ಮಾತಾಗಿಬಿಟ್ಟಿರುತ್ತದೆ. ಆ ಪ್ರಶ್ನೆ ದಾಟಿದರೆ ಅಡ್ವಾನ್ಸ್. ಎಂಟು ಸಾವಿರ ಬಾಡಿಗೆಯ ಶೀಟ್ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 80,000 ರೂಪಾಯಿ. ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ವಾಡಿಕೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವೇ ಅದನ್ನು ಕಾನೂನು ಮಾಡಿಕೊಳ್ಳದ ಹೊರತು ಯಾವ ಓನರ್‌ಗೂ ಅದು ಅನ್ವಯಿಸುವುದಿಲ್ಲ.

ಹಾಗಾಗಿ ಹೊಸ ಮನೆ ಹುಡುಕುವ ಮೊದಲು, ಬಿಟ್ಟು ಬಂದ ಮನೆಯ ಲೆಕ್ಕ ನೋಡಬೇಕು. ಬಡ ತಾಯಿಗೆ ಎಲ್ಲಕ್ಕಿಂತ ಅಗ್ಗದ ಮನೆ ಎಷ್ಟೋ ಸಲ ಅದೇ ಆಗಿರುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಮಿನ ಪ್ರಕಾರ, ಖಾತೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ. “ಮನೆ ನಮ್ಮ ಹೆಸರಲ್ಲಿದೆ, ನಿನ್ನ ಗಂಡನದ್ದಲ್ಲ” ಎಂದು ಅತ್ತೆ-ಮಾವ ಹೇಳಿದರೆ ಅಷ್ಟಕ್ಕೇ ಆ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ವಾಪಸು ಹೋದರೆ ಮತ್ತೆ ಹೊಡೆತ ಎನ್ನುವವಳು ಹೋಗಬೇಕಾಗಿಯೂ ಇಲ್ಲ. 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು, ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಎಂದು ಗಂಡನಿಗೆ ಆದೇಶಿಸಬಹುದು. ಮೈಮೇಲೆ ಗಾಯ ಇದ್ದರಷ್ಟೇ ದೌರ್ಜನ್ಯ ಎಂದುಕೊಂಡು ಸುಮ್ಮನಿರುವವರು ಬಹಳ. ಮನೆ ಖರ್ಚಿಗೆ ಕೊಡದೆ, ಬಾಡಿಗೆ ಕಟ್ಟದೆ ಕೈಬಿಡುವುದನ್ನೂ ಈ ಕಾಯ್ದೆ ಆರ್ಥಿಕ ದೌರ್ಜನ್ಯ ಎಂದೇ ಕರೆಯುತ್ತದೆ.

ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಣ್ಣಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಸಹಾಯವಾಣಿ 15100.

ಕೋರ್ಟಿನ ಆದೇಶ ಬರುವ ತನಕ ಎಲ್ಲಿರುವುದು? ರಾತ್ರೋರಾತ್ರಿ ಹೊರಬಿದ್ದವಳು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ‘ಸಖಿ’ ಕೇಂದ್ರದಲ್ಲಿ ಕೆಲವು ದಿನ ತಂಗಬಹುದು, ಅಲ್ಲಿಂದ ‘ಶಕ್ತಿ ಸದನ’ ಎಂಬ ಆಶ್ರಯಧಾಮಕ್ಕೆ ಕಳಿಸುತ್ತಾರೆ. ‘ಸಖಿ ನಿವಾಸ’ವೇ ಬೇರೆ. ಅದು ದುಡಿಯುವ ಹೆಂಗಸರ ಹಾಸ್ಟೆಲ್. ತಾಯಿಯ ಜೊತೆ ಮಕ್ಕಳಿಗೂ ಅಲ್ಲಿ ಜಾಗವಿದೆ. ಕೆಲಸ ಇಲ್ಲದವಳಿಗೆ ಅಲ್ಲಿ ಪ್ರವೇಶವಿಲ್ಲ ಎಂದು ತಿರುಗಿ ಬರುವವರು ಒಂದು ನಿಯಮ ಗಮನಿಸಬೇಕು: ಜಾಗ ಖಾಲಿ ಇದ್ದರೆ ಉದ್ಯೋಗ ತರಬೇತಿಯಲ್ಲಿರುವವರನ್ನೂ ಅಲ್ಲಿ ಸೇರಿಸಿಕೊಳ್ಳಬಹುದು. ಟೈಲರಿಂಗೋ ಕಂಪ್ಯೂಟರೋ, ತರಬೇತಿಗೆ ಸೇರಿದ ಪತ್ರ ಹಿಡಿದು ಮತ್ತೆ ಕೇಳಿ. ಕೆಲಸ ಸಿಕ್ಕಿದ ಮೇಲೆ ಮನೆ ಎಂದು ಕೂತರೆ ಎರಡೂ ಕೈತಪ್ಪುತ್ತವೆ.

ಒಡವೆ ಅಡವಿಟ್ಟು ಭೋಗ್ಯಕ್ಕೆ ಮನೆ ಹಿಡಿಯುವವರಿಗೆ ಒಂದು ಎಚ್ಚರಿಕೆ. ತಿಂಗಳ ಬಾಡಿಗೆ ಉಳಿಯುತ್ತದೆ ನಿಜ. ಆದರೆ ಓನರ್ ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿ ಕಟ್ಟದೇ ಹೋದರೆ, ಬ್ಯಾಂಕು ಬೀಗ ಹಾಕುವ ದಿನ ಭೋಗ್ಯದ ಹಣವೂ ಬೀದಿಗೆ ಬೀಳುತ್ತದೆ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡದೆ ಹಣ ಕೊಡಬೇಡಿ. ಕೊಡುವುದಾದರೂ ಬ್ಯಾಂಕ್ ಖಾತೆಯ ಮೂಲಕವೇ ಕೊಡಿ.

ಇನ್ನು ಕಾಗದಪತ್ರ. ನನ್ನ ಮಟ್ಟಿಗೆ ಬಾಡಿಗೆಗಿಂತ ದೊಡ್ಡ ತೊಡಕು ಇದೇ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವಳ ಖಾತೆಗೆ ಬರುತ್ತದೆ. ಬೇರೆಯಾಗಿ ಬಂದ ಸೊಸೆಯ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲೇ ಇದ್ದರೆ ದುಡ್ಡು ಅತ್ತೆಗೆ. ಬೇರೆ ಚೀಟಿ ಮಾಡಿಸಲು ವಿಳಾಸದ ದಾಖಲೆ ಬೇಕು, ದಾಖಲೆಗೆ ಮನೆ ಬೇಕು. ಈ ಗಂಟು ಬಿಡಿಸುವುದು ಬಾಡಿಗೆ ಕರಾರು. ಅದನ್ನು ಅಣ್ಣನ ಹೆಸರಿಗೋ ತಂದೆಯ ಹೆಸರಿಗೋ ಬರೆಸಬೇಡಿ. ಒಂದೇ ಕೋಣೆಯ ವಠಾರದ ಮನೆಯಾದರೂ ಸರಿ, ಕರಾರು ನಿಮ್ಮ ಹೆಸರಿಗೇ ಇರಲಿ. ಬಾಡಿಗೆದಾರರಿಗೂ ಸಿಗುವ ಗೃಹಜ್ಯೋತಿಯ ಉಚಿತ ವಿದ್ಯುತ್ತಿಗೂ ಅದು ದಾಖಲೆಯಾಗುತ್ತದೆ.

ಸ್ವಂತ ಮನೆಯ ಯೋಜನೆಗಳಿಗೆ ಅರ್ಜಿ ಹಾಕಿ, ಆದರೆ ಈ ವರ್ಷದ ಸೂರಿಗೆ ಅವನ್ನು ನೆಚ್ಚಬೇಡಿ. ಹಳ್ಳಿಯಲ್ಲಿ ಹೆಚ್ಚಿನ ಯೋಜನೆಗಳ ಫಲಾನುಭವಿಯ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುತ್ತದೆ. ದೇವರಾಜ ಅರಸು ವಸತಿ ಯೋಜನೆ ವಿಧವೆಯರನ್ನೂ ಒಳಗೊಂಡಿದೆ. ಪ್ರಧಾನಮಂತ್ರಿ ಆವಾಸ್‌ನ ನಗರ ಯೋಜನೆ ಒಂಟಿ ಮಹಿಳೆಯರಿಗೆ ಆದ್ಯತೆ ಕೊಡುತ್ತದೆ. ಆದರೆ ಕಟ್ಟಿಕೊಳ್ಳಲು ನೆರವು ಎಂದರೆ ನಿವೇಶನ ಬೇಕು, ಕಟ್ಟಿದ ಫ್ಲ್ಯಾಟ್ ಎಂದರೆ ಕೈಯಿಂದ ವಂತಿಗೆ ಬೇಕು. ಕೆಲಸವಿಲ್ಲದ ತಾಯಿಯ ಹತ್ತಿರ ಎರಡೂ ಇರುವುದಿಲ್ಲ. ಇದು ಯೋಜನೆಗಳ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಬಾಡಿಗೆಗೆ ಕೊಡಲು ಮನೆ ಇರುವ ಓದುಗರಲ್ಲಿ ಒಂದು ಕೋರಿಕೆ. ಮಕ್ಕಳ ಕೈ ಹಿಡಿದು ಬಂದ ತಾಯಿಯನ್ನು ಗಂಡ ಎಲ್ಲಿ ಎಂದು ಕೇಳಬೇಡಿ. ಅಡ್ವಾನ್ಸನ್ನು ಎರಡು ತಿಂಗಳಿಗೆ ಇಳಿಸಿ, ಕರಾರನ್ನು ಆಕೆಯ ಹೆಸರಿಗೇ ಬರೆದುಕೊಡಿ.