ಅಮ್ಮನ ‘ಪಿತ್ತದ ತಲೆನೋವು’, ನನ್ನ ಮೈಗ್ರೇನ್

ಕೂಕಟ್‌ಪಲ್ಲಿಯಲ್ಲಿ ನಾನಿರುವ ಮನೆಯಿಂದ ಮೆಟ್ರೊ ಸ್ಟೇಷನ್ನಿಗೆ ನಡೆದು ಹೋಗುವ ದಾರಿಯಲ್ಲಿ ಒಂದು ಮೆಡಿಕಲ್ ಶಾಪ್ ಇದೆ. ಎರಡು ವರ್ಷದ ಹಿಂದೆ ಅಲ್ಲಿನ ಹುಡುಗ ನನ್ನ ಮುಖ ಕಂಡರೆ ಸಾಕು, ಏನು ಬೇಕೆಂದು ಕೇಳದೆಯೇ ತಲೆನೋವಿನ ಮಾತ್ರೆಯ ಸ್ಟ್ರಿಪ್ ತೆಗೆದು ಕೊಡುತ್ತಿದ್ದ. ಅಷ್ಟರ ಮಟ್ಟಿಗೆ ನಾನು ಆ ಅಂಗಡಿಯ ಖಾಯಂ ಗಿರಾಕಿಯಾಗಿದ್ದೆ. ಐಟಿಯವರಿಗೆ ತಲೆನೋವು ಇದ್ದಿದ್ದೇ ಎಂದುಕೊಂಡು ವರ್ಷಗಟ್ಟಲೆ ದೂಡಿದ್ದೆ.

ಒಂದು ದಿನ ಹೈಟೆಕ್ ಸಿಟಿಯ ಆಫೀಸಿನಲ್ಲಿ ಕೂತಿದ್ದಾಗ ಲ್ಯಾಪ್‌ಟಾಪ್ ಪರದೆಯ ಬಲಗಡೆಯ ಅಕ್ಷರಗಳು ಕಾಣದಾದವು. ಆ ಜಾಗದಲ್ಲಿ ಗರಗಸದ ಹಲ್ಲಿನಂಥ ಹೊಳೆಯುವ ಗೆರೆಯೊಂದು ಮೆಲ್ಲಗೆ ಹರಡುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಅದು ಮಾಯವಾಯಿತು, ಹಿಂದೆಯೇ ತಲೆಯ ಎಡಭಾಗ ನಾಡಿ ಬಡಿದಂತೆ ಸಿಡಿಯತೊಡಗಿತು. ವಾಂತಿಯಾಯಿತು. ಮಿದುಳಿನಲ್ಲಿ ಗಡ್ಡೆಯೇ ಇರಬೇಕೆಂದು ನಿರ್ಧರಿಸಿ, ಆ ರಾತ್ರಿ ಮನಸ್ಸಿನಲ್ಲೇ ಹೋಮ್ ಲೋನಿನ ಲೆಕ್ಕವನ್ನೂ ಹಾಕಿಬಿಟ್ಟಿದ್ದೆ.

ನರರೋಗ ತಜ್ಞರು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಮೈಗ್ರೇನನ್ನು ಪತ್ತೆ ಮಾಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ರೋಗಿ ಹೇಳುವ ಕಥೆಯೇ ಅದಕ್ಕೆ ಪರೀಕ್ಷೆ. ನೋವು ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಇರುತ್ತದೆಯೇ? ಒಂದೇ ಪಕ್ಕವೇ? ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೆಯೇ? ಹೊಟ್ಟೆ ತೊಳಸುತ್ತದೆಯೇ? ಬೆಳಕು, ಸದ್ದು ತಡೆಯಲಾಗುವುದಿಲ್ಲವೇ? ಎಲ್ಲಕ್ಕೂ ಹೌದೆಂದೆ. ಕೊನೆಗೆ ಎರಡು ಪ್ರಶ್ನೆ ಉಳಿದಿದ್ದವು. “ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗುತ್ತೀರಿ?” ಇಪ್ಪತ್ತು ಇರಬಹುದು ಎಂದೆ. “ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ?” ಯಾರಿಗೂ ಇಲ್ಲ ಎಂದೆ.

ಆ ಎರಡನೆಯ ಉತ್ತರ ತಪ್ಪಾಗಿತ್ತು. ಅದು ಗೊತ್ತಾಗಿದ್ದು ಆಮೇಲೆ.

ಮೈಗ್ರೇನ್ ಎಂದರೆ ಜೋರಾದ ತಲೆನೋವು ಎಂದಷ್ಟೇ ನಾನು ತಿಳಿದಿದ್ದೆ. ನಿಜಕ್ಕೂ ಅದು ಬಹುಪಾಲು ವಂಶವಾಹಿಯಲ್ಲಿ ಬರುವ, ಮಿದುಳಿನ ಅತಿಸೂಕ್ಷ್ಮತೆಯ ಕಾಯಿಲೆ. ತಲೆನೋವು ಅದರ ಒಂದು ಹಂತ ಮಾತ್ರ. ನಾನು ಕಂಡ ಗರಗಸದ ಗೆರೆಗೆ ‘ಆರಾ’ ಎನ್ನುತ್ತಾರೆ. ಅದು ಎಲ್ಲರಿಗೂ ಬರುವುದಿಲ್ಲ. ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು ಮೂರು ಮಿಲಿಮೀಟರ್ ವೇಗದಲ್ಲಿ ತೆವಳುವ ಒಂದು ವಿದ್ಯುತ್ ಅಲೆ ಅದಕ್ಕೆ ಕಾರಣ. ಅಂಥ ಅಲೆಯನ್ನು ಬ್ರೆಜಿಲ್‌ನ ವಿಜ್ಞಾನಿ ಅರಿಸ್ಟಿಡಿಸ್ ಲೆಯಾವ್ 1944ರಲ್ಲಿ ಮೊಲಗಳ ಮಿದುಳಿನಲ್ಲಿ ವಿವರಿಸಿದ್ದರು. ಮುಂದಿನ ನೋವಿಗೆ ಮುಖದ ಟ್ರೈಜೆಮಿನಲ್ ನರವೂ ಅದು ಬಿಡುಗಡೆ ಮಾಡುವ ಸಿಜಿಆರ್‌ಪಿ ಎಂಬ ರಾಸಾಯನಿಕವೂ ಮುಖ್ಯ ಕಾರಣ. ಇದನ್ನು ಬಿಡಿಸಿದ ನಾಲ್ವರು ವಿಜ್ಞಾನಿಗಳಿಗೆ 2021ರ ಬ್ರೈನ್ ಪ್ರೈಜ್ ಸಂದಿತು. ಆ ರಾಸಾಯನಿಕವನ್ನೇ ತಡೆಯುವ ಹೊಸ ಔಷಧಿಗಳೂ ಬಂದಿವೆ.

ಇದು ಕೋಡ್ ಬರೆಯುವವರ ಕಾಯಿಲೆ ಎಂಬ ನನ್ನ ಭ್ರಮೆಯನ್ನು ಕಳೆದದ್ದು ನಮ್ಮ ರಾಜ್ಯದ್ದೇ ಒಂದು ಸಮೀಕ್ಷೆ. ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, 18ರಿಂದ 65 ವರ್ಷದ 2,329 ಜನರನ್ನು ಮಾತನಾಡಿಸಿದ್ದರು. 2015ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಕಂಡವರು ಶೇ 25.2. ಅಂದರೆ ನಾಲ್ವರಲ್ಲಿ ಒಬ್ಬರು! ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು.

ಅದನ್ನು ಓದಿದಾಗ ನೆನಪಾದವರು ಅಮ್ಮ. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ತಿಂಗಳಿಗೆ ಮೂರ್ನಾಲ್ಕು ಸಲ ಅಮ್ಮ ಹಳೆ ಸೀರೆಯ ತುಂಡನ್ನು ತಲೆಗೆ ಬಿಗಿದು ಕಟ್ಟಿ, ಒಣಶುಂಠಿ ತೇಯ್ದು ಹಣೆಗೆ ಹಚ್ಚಿಕೊಂಡು, ಕತ್ತಲೆಯ ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ವಾಂತಿಯಾದ ಮೇಲೆ ತುಸು ಹಗುರ. ‘ಪಿತ್ತ ಏರಿದೆ’ ಎನ್ನುತ್ತಿದ್ದರು. ಮನೆಯ ಹಿರಿಯರು ‘ಕೆಲಸ ಇದ್ದ ದಿನವೇ ಇವಳಿಗೆ ಪಿತ್ತ’ ಎಂದು ನಗುತ್ತಿದ್ದರು. ಹುಡುಗರಾದ ನಾವೂ ನಗುತ್ತಿದ್ದೆವು. ರೇಡಿಯೊ ಸದ್ದು ಕಡಿಮೆ ಮಾಡು ಎಂದರೆ ಬೇಕೆಂದೇ ಜಾಸ್ತಿ ಮಾಡಿದ್ದೂ ಉಂಟು.

ಆ ದಿನ ಫೋನ್ ಮಾಡಿ ಒಂದೊಂದೇ ಕೇಳಿದೆ. ಶನಿವಾರದ ಒಪ್ಪತ್ತಿನ ಸಂಜೆ, ತಲೆಸ್ನಾನ ಮಾಡಿ ಒದ್ದೆಕೂದಲಲ್ಲೇ ಅಡುಗೆಗೆ ನಿಂತ ದಿನ, ಮುಟ್ಟಿನ ಹಿಂದುಮುಂದು, ಜಾತ್ರೆಯ ಬಿಸಿಲಲ್ಲಿ ತಿರುಗಿದ ಮಾರನೇ ದಿನ. ಐವತ್ತು ದಾಟಿ ಮುಟ್ಟು ನಿಂತ ಮೇಲೆ ತಾನಾಗಿಯೇ ಕಮ್ಮಿಯಾಯಿತಂತೆ. ಪುಸ್ತಕದಲ್ಲಿರುವುದೆಲ್ಲ ಅಮ್ಮನ ಬಾಯಲ್ಲಿತ್ತು. ತಲೆಸ್ನಾನದ ಮಾತನ್ನು ಮೂಢನಂಬಿಕೆ ಎಂದುಕೊಂಡಿದ್ದೆ. ಆದರೆ ಮುಂಬೈಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ತಲೆಸ್ನಾನದಿಂದ ಮೈಗ್ರೇನ್ ಕೆರಳುತ್ತಿದ್ದ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ.

ನನ್ನ ವಿಷಯಕ್ಕೆ ಬರುತ್ತೇನೆ. ವೈದ್ಯರು ಮೊದಲು ನಿಲ್ಲಿಸಿದ್ದು ನನ್ನ ಮಾತ್ರೆಯನ್ನೇ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಕೆಫೀನ್ ಮುಂತಾದವು ಬೆರೆತ ಮಾತ್ರೆ ಅಥವಾ ಟ್ರಿಪ್ಟಾನ್‌ಗಳನ್ನು 10 ದಿನ, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಬಿಟ್ಟ ಮೊದಲ ಎರಡು ವಾರ ನರಕ. ರಿಲೀಸ್ ಹತ್ತಿರವಿತ್ತು. ಮ್ಯಾನೇಜರಿಗೆ ಹೇಳಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಿದೆ. ‘ಓ, ಪಾರ್ಶ್ವಪು ನೊಪ್ಪಿಯಾ? ನಮ್ಮಕ್ಕನಿಗೂ ಇದೆ’ ಎಂದರು. ಒಂದು ವಾರ ಆನ್‌ಕಾಲ್ ಪಾಳಿ ಬೇರೆಯವರಿಗೆ ಹೋಯಿತು. ಇಷ್ಟು ಹೇಳಲು ನಾನು ಮೂರು ವರ್ಷ ಹೆದರಿದ್ದೆ.

ಜೊತೆಗೆ ಡೈರಿ ಬರೆಯಲು ಹೇಳಿದ್ದರು: ನೋವಿನ ದಿನ, ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಊಟ, ನುಂಗಿದ ಮಾತ್ರೆ. ಲಾಗ್ ನೋಡದೆ ಬಗ್ ಹುಡುಕಬಾರದು ಎಂದು ಜೂನಿಯರ್‌ಗಳಿಗೆ ಪಾಠ ಹೇಳುವವನು, ನನ್ನ ತಲೆಗೆ ಲಾಗ್ ಇಟ್ಟಿರಲಿಲ್ಲ. ಎರಡು ತಿಂಗಳಲ್ಲಿ ಕಂಡದ್ದು: ನನ್ನ ನೋವು ಹೆಚ್ಚಾಗಿ ಬರುತ್ತಿದ್ದುದು ಭಾನುವಾರ. ವಾರವೆಲ್ಲ ಏಳಕ್ಕೆ ಫಿಲ್ಟರ್ ಕಾಫಿ, ಭಾನುವಾರ ಹತ್ತೂವರೆಗೆ. ನಿದ್ದೆ ಹೆಚ್ಚು, ಕಾಫಿ ತಡ, ತಿಂಡಿ ಇಲ್ಲ. ಒಂದೇ ಕಾರಣವಾದರೆ ಮಿದುಳು ತಾಳಿಕೊಳ್ಳಬಹುದು. ಮೂರು ಸೇರಿದರೆ ಕಟ್ಟೆಯೊಡೆಯುತ್ತದೆ. ಇಲ್ಲಿನ ಏಪ್ರಿಲ್ ಬಿಸಿಲೂ ಸೇರಿದರೆ ಕೇಳುವುದೇ ಬೇಡ.

ಈಗ ಭಾನುವಾರವೂ ಏಳಕ್ಕೇ ಏಳುತ್ತೇನೆ. ಹೊತ್ತಿಗೆ ಊಟ, ಕಣ್ಣೆದುರು ನೀರಿನ ಬಾಟಲಿ, ಸಂಜೆ ಅರ್ಧ ಗಂಟೆ ನಡಿಗೆ. ನೋವು ಶುರುವಾದರೆ ‘ನೋಡೋಣ’ ಎಂದು ಕಾಯದೆ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಆರಂಭದಲ್ಲೇ ತೆಗೆದುಕೊಳ್ಳುತ್ತೇನೆ, ವಾರಕ್ಕೆ ಎರಡು ದಿನ ಮೀರದಂತೆ. ದಾಳಿ ಪದೇ ಪದೇ ಬರುವವರಿಗೆ ದಿನವೂ ನುಂಗುವ ತಡೆ ಔಷಧಿಗಳು ಬೇರೆಯೇ ಇವೆ. ನನಗೆ ಬರೆದದ್ದು ಪ್ರೊಪ್ರನೊಲೋಲ್. ಅದು ಆಸ್ತಮಾ ಇದ್ದವರಿಗಲ್ಲ. ಕೆಲವು ಔಷಧಿ ಗರ್ಭಿಣಿಯರಿಗೆ ಸಲ್ಲದು. ಆದ್ದರಿಂದ ನನ್ನ ಚೀಟಿ ನಿಮ್ಮ ಚೀಟಿಯಲ್ಲ. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ದಾಳಿಗಳು ಅರ್ಧಕ್ಕಿಳಿದರೂ ಅದು ಗೆಲುವೇ. ನನಗೆ ತಿಂಗಳಿಗೆ ಎರಡಕ್ಕೆ ಇಳಿದಿದೆ.

ಆದರೆ ಒಮ್ಮೆಲೇ ಸಿಡಿಲಿನಂತೆ ಬಡಿಯುವ ನೋವು, ಜ್ವರದ ಜೊತೆ ಕತ್ತು ಸೆಟೆಯುವುದು, ಕೈಕಾಲು ಬಲಹೀನವಾಗುವುದು, ಮಾತು ತೊದಲುವುದು, ಐವತ್ತರ ಮೇಲೆ ಹೊಸದಾಗಿ ಶುರುವಾದ ತಲೆನೋವು – ಇವು ಕಂಡರೆ ಡೈರಿ ಬರೆಯುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕಳೆದ ಯುಗಾದಿಗೆ ಅಮ್ಮ ಕೂಕಟ್‌ಪಲ್ಲಿಗೆ ಬಂದಿದ್ದರು. ಡೈರಿ ತೋರಿಸಿ, ‘ಅಮ್ಮ, ನಿನಗಿದ್ದದ್ದೂ ಇದೇ ಕಾಯಿಲೆ. ಪಿತ್ತ ಅಲ್ಲ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ನಾನು ನೆಪ ಮಾಡ್ತಿರ್ಲಿಲ್ಲ ಅಂತ ಡಾಕ್ಟ್ರೂ ಹೇಳಿದ್ರು ಅನ್ನು” ಎಂದರು. ನಾನು ಹೌದಮ್ಮ ಎಂದೆ.

ಈ ವಾರ ಊರಿಗೆ ಫೋನ್ ಮಾಡಿದಾಗ ನೀವೂ ಒಮ್ಮೆ ಕೇಳಿ ನೋಡಿ, ನಿಮ್ಮ ಮನೆಯಲ್ಲಿ ಯಾರಿಗೆ ‘ಪಿತ್ತ’ ಏರುತ್ತಿತ್ತು ಎಂದು.