ಕುಲೀನ ನಟ ಲೆಸ್ಲಿ ಹೋವರ್ಡ್

ಆಂಗ್ಲೇಯ ಕುಲೀನ ಪುರುಷನು ಹೇಗಿರುವನೆಂದು 1930ರ ದಶಕದ ಚಿತ್ರರಸಿಕರನ್ನು ಕೇಳಿದ್ದರೆ, ಬಹುಮಂದಿ ಲೆಸ್ಲಿ ಹೋವರ್ಡನ ಕಡೆಗೆ ಬೆರಳು ತೋರುತ್ತಿದ್ದರು. ತೆಳುವಾದ ಮೈಕಟ್ಟು, ಮೃದುವಾದ ಮಾತು, ಕೋಪದಲ್ಲಿಯೂ ಏರದ ದನಿ: ಇವೆಲ್ಲ ಹಲವು ತಲೆಮಾರುಗಳ ಸಿರಿಯಿಂದ ಬಂದುವೆಂದೇ ನೋಡಿದವರು ಭಾವಿಸುತ್ತಿದ್ದರು. ಆದರೆ ಈತನ ವಂಶವೃಕ್ಷವನ್ನು ಅರಸಿ ಹೊರಟರೆ ನಮಗೆ ಕೋಟೆಯೂ ಕಾಣದು, ಜಹಗೀರೂ ಕಾಣದು.

ಹೋವರ್ಡನು 1893ನೆಯ ಇಸವಿ ಏಪ್ರಿಲ್ 3ರಂದು ಲಂಡನ್ನಿನಲ್ಲಿ ಜನಿಸಿದನು. ಮನೆತನದ ಹೆಸರು ಸ್ಟೈನರ್. ತಂದೆ ಹಂಗೆರಿಯಿಂದ ಬಂದು ನೆಲಸಿದ ಯಹೂದ್ಯ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಈ ತರುಣನು ಮೊದಲನೆಯ ಮಹಾಯುದ್ಧದಲ್ಲಿ ಅಶ್ವದಳವನ್ನು ಸೇರಿ, 1916ರಲ್ಲಿ ಸೇನೆಯನ್ನು ಬಿಟ್ಟು, ರಂಗಭೂಮಿಗೆ ಬಂದನು. ನ್ಯೂಯಾರ್ಕಿನ ನಾಟಕಶಾಲೆಗಳಲ್ಲಿ ಹೆಸರು ಗಳಿಸಿದ ಬಳಿಕ ವಾಕ್ಚಿತ್ರಗಳು ಈತನನ್ನು ಕರೆದುವು.

1934ರ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ ಚಿತ್ರದಲ್ಲಿ ಹೋವರ್ಡನು ಸರ್ ಪರ್ಸಿ ಬ್ಲೇಕ್ನಿ ಎಂಬ ಆಂಗ್ಲ ಶ್ರೀಮಂತನಾದನು. ಹೊರಗೆ ಶೋಕಿಯ ಸೋಗು. ಒಳಗೆ ಫ್ರೆಂಚ್ ಕ್ರಾಂತಿಯ ಶಿರಚ್ಛೇದಯಂತ್ರದಿಂದ ಜನರನ್ನು ಪಾರುಮಾಡುವ ಧೈರ್ಯ. ಇಲ್ಲಿ ಒಂದು ಸ್ವಾರಸ್ಯವುಂಟು. ಈ ಪಾತ್ರವನ್ನು ಕಲ್ಪಿಸಿದ ಬ್ಯಾರನೆಸ್ ಆರ್ಟ್ಸಿ ಹುಟ್ಟಿದುದು ಹಂಗೆರಿಯಲ್ಲಿ. ಚಿತ್ರದ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡ ಹುಟ್ಟಿದುದೂ ಅಲ್ಲಿಯೇ. ನಟನೋ ಹಂಗೆರಿಯವನ ಮಗ. ಅಚ್ಚ ಆಂಗ್ಲೇಯನೆನಿಸಿದ ಆ ಕುಲೀನನನ್ನು ಕಡೆದವರು ಹೀಗೆ ಹೊರಗಿನಿಂದ ಬಂದವರು.

1938ರಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕವನ್ನು ಹೋವರ್ಡನು ಆಂಥೊನಿ ಆಸ್ಕ್ವಿತ್ತನೊಡನೆ ನಿರ್ದೇಶಿಸಿ, ಪ್ರೊಫೆಸರ್ ಹಿಗಿನ್ಸನ ಪಾತ್ರವನ್ನೂ ವಹಿಸಿದನು. ನುಡಿಯನ್ನು ತಿದ್ದಿದರೆ ಹೂ ಮಾರುವ ಹುಡುಗಿಯೂ ಡಚೆಸ್ ಎನಿಸುವಳೆಂಬುದು ಅದರ ವಸ್ತು. ಸ್ಟೈನರ್ ಮನೆತನದ ಮಗನಿಗಿಂತ ಚೆನ್ನಾಗಿ ಇದನ್ನು ಬಲ್ಲವರಾರು?

ನುಡಿಯೂ ನಡೆಯೂ ಕಲಿತು ಬರುವುವಾದರೆ ಕುಲೀನತೆಯಲ್ಲಿ ನಿಜವಾದುದಾವುದು? ಈ ಪ್ರಶ್ನೆಗೆ ಹೋವರ್ಡನ ಬಾಳೇ ಉತ್ತರ ಕೊಟ್ಟಿತು. ‘ದಿ ಪೆಟ್ರಿಫೈಡ್ ಫಾರೆಸ್ಟ್’ ನಾಟಕದಲ್ಲಿ ತನ್ನೊಡನೆ ಅಭಿನಯಿಸಿದ್ದ ಹಂಫ್ರಿ ಬೊಗಾರ್ಟನಿಗೇ 1936ರ ಚಿತ್ರದಲ್ಲಿಯೂ ಆ ಪಾತ್ರ ಸಲ್ಲಬೇಕೆಂದು ಈತನು ಪಟ್ಟು ಹಿಡಿದು ಗೆದ್ದನು. ಉಪಕಾರವನ್ನು ಮರೆಯದ ಬೊಗಾರ್ಟನು ಮುಂದೆ ತನ್ನ ಮಗಳಿಗೆ ಲೆಸ್ಲಿ ಎಂದು ಹೆಸರಿಟ್ಟನು.

1939ರಲ್ಲಿ ‘ಗಾನ್ ವಿತ್ ದಿ ವಿಂಡ್’ ಚಿತ್ರದಿಂದ ಹೋವರ್ಡನ ಕೀರ್ತಿ ಲೋಕವನ್ನೆಲ್ಲ ಮುಟ್ಟಿತು. ಅದೇ ವರ್ಷ ಯುದ್ಧವೂ ಮೊದಲಾಯಿತು. ಹಾಲಿವುಡ್ಡಿನ ಸುಖವನ್ನು ಬಿಟ್ಟು ಈತನು ಇಂಗ್ಲೆಂಡಿಗೆ ಮರಳಿದನು, ಬಿ.ಬಿ.ಸಿ.ಯಿಂದ ಅಮೆರಿಕದವರಿಗೆ ಭಾಷಣಗಳನ್ನು ಮಾಡಿದನು. 1941ರ ‘ಪಿಂಪರ್ನೆಲ್ ಸ್ಮಿತ್’ ಚಿತ್ರವನ್ನು ತಾನೇ ನಿರ್ದೇಶಿಸಿ, ನಾಜಿಗಳ ಕೈಯಿಂದ ಸೆರೆಯಾಳುಗಳನ್ನು ಬಿಡಿಸುವ ಪ್ರೊಫೆಸರನಾಗಿ ನಟಿಸಿದನು.

1943ರ ಜೂನ್ 1ರಂದು ಲಿಸ್ಬನ್ನಿನಿಂದ ಹೊರಟ ಪ್ರಯಾಣಿಕ ವಿಮಾನವನ್ನು ಜರ್ಮನ್ ವಿಮಾನಗಳು ಬಿಸ್ಕೆ ಕೊಲ್ಲಿಯ ಮೇಲೆ ಹೊಡೆದು ಕೆಡವಿದುವು. ಅದರಲ್ಲಿದ್ದ 17 ಮಂದಿಯೂ ಮಡಿದರು. ಹೋವರ್ಡನು ಅವರಲ್ಲೊಬ್ಬನು; ವಯಸ್ಸು ಐವತ್ತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಸ್ವೀಡನ್ನಿನ ರಾವುಲ್ ವಾಲೆನ್‌ಬರ್ಗನು ‘ಪಿಂಪರ್ನೆಲ್ ಸ್ಮಿತ್’ ನೋಡಿ, ತಾನೂ ಅಂಥ ಕೆಲಸ ಮಾಡಬೇಕೆಂದು ಹೇಳಿದುದನ್ನು ಆತನ ಸೋದರಿ ಸ್ಮರಿಸಿದ್ದಾಳೆ. 1944ರಲ್ಲಿ ಆತನು ಬುಡಾಪೆಸ್ಟಿಗೆ ಹೋಗಿ ಸಾವಿರಾರು ಯಹೂದ್ಯರ ಪ್ರಾಣವನ್ನುಳಿಸಿದನು. ಹೋವರ್ಡನ ತಂದೆ ಬಿಟ್ಟು ಬಂದ ನಾಡು ಅದೇ. ನಟನು ಧರಿಸಿದ್ದ ಕುಲೀನತೆ ವೇಷವೆಂದೇ ಇಟ್ಟುಕೊಳ್ಳೋಣ. ಅದು ಕಾಪಾಡಿದ ಪ್ರಾಣಗಳು ಮಾತ್ರ ನಿಜವಾದುವು.