ಬಾಗಿಲಲ್ಲಿ ನಿಂತ ಯಂತ್ರ

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಪುಣೆಯ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಚಾಕಣ್‌ನ ಸಣ್ಣ ಕಾರ್ಖಾನೆಯೊಂದರಿಂದ ಫೋನ್ ಬಂತು. ಜರ್ಮನಿಗೆ ಹೊರಟಿದ್ದ ಯಂತ್ರ ಕಂಟೇನರ್ ಒಳಗೆ ಹೋಗುತ್ತಿಲ್ಲ. ಹೋಗುತ್ತದೆ ಎಂದು ಹೇಳಿದ್ದು ನಮ್ಮ ಸಾಫ್ಟ್‌ವೇರ್. ಅದರಲ್ಲಿ ಆ ಭಾಗ ಬರೆದವನು ನಾನು.

ಸರಕಿನ ಉದ್ದ, ಅಗಲ, ಎತ್ತರ, ತೂಕ ಕೊಟ್ಟರೆ ಎಂಥ ಕಂಟೇನರ್ ಬೇಕೆಂದು ನಮ್ಮ ಸಾಫ್ಟ್‌ವೇರ್ ಹೇಳುತ್ತದೆ. ಯಂತ್ರದ ಎತ್ತರ 2.46 ಮೀಟರ್. ಕೆಳಗಿನ ದಿಮ್ಮಿ, ಮೇಲಿನ ಹಲಗೆ ಸೇರಿ ಪೆಟ್ಟಿಗೆ 2.63 ಆಗಿತ್ತು. 40 ಅಡಿಯ ಹೈಕ್ಯೂಬ್ ಕಂಟೇನರ್‌ನ ಒಳಗಿನ ಎತ್ತರ ಸುಮಾರು 2.69. ಲೆಕ್ಕ ಸರಿಯೇ. ಆದರೆ ಬಾಗಿಲಿನ ಎತ್ತರ ಸುಮಾರು 2.58 ಮಾತ್ರ, ಚೌಕಟ್ಟಿನ ಉಕ್ಕಿನ ತೊಲೆ ಅಷ್ಟು ಜಾಗ ತಿನ್ನುತ್ತದೆ. ಎಂಟೆಕ್‌ನಲ್ಲಿ ಒಂದಿಡೀ ಸೆಮಿಸ್ಟರ್ ಪೆಟ್ಟಿಗೆಯೊಳಗೆ ಪೆಟ್ಟಿಗೆ ಜೋಡಿಸುವ ಗಣಿತ ಮಾಡಿದ್ದೆ. ಆ ಪಾಠದ ಪೆಟ್ಟಿಗೆಗಳಿಗೆ ಬಾಗಿಲೇ ಇರಲಿಲ್ಲ!

ನಾನು ಅಲ್ಲಿಗೆ ಹೋದಾಗ ಫೋರ್ಕ್‌ಲಿಫ್ಟ್ ಸುಮ್ಮನೆ ನಿಂತಿತ್ತು. ಲೋಡಿಂಗ್ ನೋಡಿಕೊಳ್ಳುವವರು ವಿಜಯಪುರದ ಕಡೆಯವರು, ಐವತ್ತು ದಾಟಿದವರು. ನನ್ನ ಕನ್ನಡ ಕೇಳಿ ಸಿಟ್ಟು ಸ್ವಲ್ಪ ಇಳಿದಿರಬೇಕು.

‘ಬಾಗಲಾ ಅಳದ ನೋಡಿಲ್ಲೇನ್ರಿ ಸರ? ಮನಿ ಎಷ್ಟ ದೊಡ್ಡದಿದ್ರೇನ್ರಿ, ಬಾಗಲಾ ದಾಟಬೇಕಲ್ರಿ’ ಎಂದರು.

‘ತಪ್ಪು ನಂದೇ ಕಾಕಾ’ ಎಂದೆ.

ಮೇಲಿನ ಹಲಗೆ ಕಿತ್ತು ತೆಳುವಾದದ್ದು ಹೊಡೆದರೆ? ಕಾಕಾ ತಲೆ ಅಲ್ಲಾಡಿಸಿದರು. ರಫ್ತಿಗೆ ಬಳಸುವ ಮರವನ್ನು ಸಾಮಾನ್ಯವಾಗಿ ಒಳತಿರುಳಿಗೂ 56 ಡಿಗ್ರಿ ಶಾಖ ತಾಗುವಂತೆ 30 ನಿಮಿಷ ಕಾಯಿಸಿ ಮುದ್ರೆ ಒತ್ತಿರುತ್ತಾರೆ, ಹುಳು ದೇಶ ದಾಟಬಾರದೆಂದು. ಮುದ್ರೆಯಿಲ್ಲದ ಹಲಗೆ ಕಂಡರೆ ಆ ಕಡೆಯ ಬಂದರಿನಲ್ಲಿ ತಕರಾರು. ತೆಳು ಹಲಗೆಯಾದರೆ ಕ್ರೇನಿನ ಹಗ್ಗ ಬಿಗಿದಾಗ ಪೆಟ್ಟಿಗೆಯೇ ಒಳಗೆ ಕುಸಿಯಬಹುದು.

ಉಳಿದ ದಾರಿ ಓಪನ್ ಟಾಪ್. ಅದಕ್ಕೆ ಉಕ್ಕಿನ ಚಾವಣಿ ಇಲ್ಲ, ಟಾರ್ಪಾಲಿನ್ ಇರುತ್ತದೆ. ಸರಕನ್ನು ಕ್ರೇನಿನಿಂದ ಮೇಲಿನಿಂದ ಇಳಿಸುತ್ತಾರೆ. ನಮ್ಮ ಪೆಟ್ಟಿಗೆ ಅಂಚಿನಿಂದ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಹಾಗಾದರೆ ಅದರ ಮೇಲೆ ಇನ್ನೊಂದು ಕಂಟೇನರ್ ಇಡಲಾಗದು, ಹಾಳಾಗುವ ಜಾಗಕ್ಕೂ ಬಾಡಿಗೆ. ಅಂಥ ಕಂಟೇನರ್ ಸಿಗಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ನ್ಹಾವಾ ಶೇವಾದಲ್ಲಿ ಆ ಹಡಗಿಗೆ ಸರಕು ಒಪ್ಪಿಸುವ ಗಡುವು ಮುಗಿದಿತ್ತು. ಮುಂದಿನ ಹಡಗು ಒಂದು ವಾರದ ನಂತರ.

ಕಾರ್ಖಾನೆಗೆ ಅದು ಮೊದಲ ರಫ್ತು ಆರ್ಡರ್. ಎಲ್‌ಸಿಯಲ್ಲಿ ಬರೆದ ದಿನಾಂಕದೊಳಗೆ ಹಡಗು ಹತ್ತದಿದ್ದರೆ ಬ್ಯಾಂಕು ಹಣ ಕೊಡಬೇಕಿಲ್ಲ. ಮಾಲೀಕರು ಖರೀದಿದಾರರನ್ನು ಕೇಳಿಕೊಂಡು ದಿನಾಂಕ ಮುಂದಕ್ಕೆ ಹಾಕಿಸಿಕೊಂಡರು. ಆ ಎರಡು ದಿನ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಿದ್ದೆ ಬರುತ್ತಿತ್ತೇನೋ.

ಆಮೇಲೆ ದೊಡ್ಡ ಸರಕಿನ ಕಥೆಗಳನ್ನು ಹುಡುಕಿ ಓದಿದೆ. ಫ್ರಾನ್ಸ್‌ನ ಇಟರ್ ಸಮ್ಮಿಳನ ಯೋಜನೆಗೆ ಭಾರತ ಕೊಟ್ಟ ಕ್ರಯೋಸ್ಟಾಟ್ ಸುಮಾರು 29 ಮೀಟರ್ ಅಗಲ, ಅಷ್ಟೇ ಎತ್ತರ, 3,850 ಟನ್ ತೂಕ. ಗುಜರಾತಿನ ಹಜೀರಾದಲ್ಲಿ ಎಲ್ ಅಂಡ್ ಟಿ ಅದನ್ನು 54 ತುಂಡುಗಳಾಗಿ ತಯಾರಿಸಿತು. 2020ರಲ್ಲಿ ಕೊನೆಯ ತುಂಡುಗಳು ಹೊರಟವು. ತುಂಡುಗಳನ್ನು ಅಲ್ಲಿ ಬೆಸುಗೆ ಹಾಕಿ ಕೂಡಿಸಿದರು. ಇಟರ್‌ನ ಭಾರೀ ಸರಕಿಗಾಗಿ 104 ಕಿಲೋಮೀಟರ್ ರಸ್ತೆಯನ್ನೇ ಅಗಲ ಮಾಡಿ, ಸೇತುವೆ ಬಲಪಡಿಸಿ, ರಾತ್ರಿ ಹೊತ್ತು ನಿಧಾನವಾಗಿ ಸಾಗಿಸುತ್ತಾರೆ. ನಾನು ಒಂದು ಬಾಗಿಲು ಮರೆತಿದ್ದೆ.

ಈಗ ನಮ್ಮ ಪ್ರೋಗ್ರಾಮು ಬಾಗಿಲಿನ ಅಳತೆಯನ್ನೇ ಮೊದಲು ನೋಡುತ್ತದೆ. ಎತ್ತರ ತುಂಬಿದ ಕೂಡಲೇ ಪ್ಯಾಕಿಂಗ್ ಆದ ಮೇಲೆ ಅಳೆದದ್ದೇ ಎಂದು ಕೇಳುತ್ತದೆ. ಬಳಕೆದಾರರಿಗೆ ಅದು ಕಿರಿಕಿರಿ, ದೂರು ಬಂದಿದೆ, ತೆಗೆದಿಲ್ಲ.

ಯಂತ್ರ ಹ್ಯಾಂಬರ್ಗ್ ಮುಟ್ಟಿತು. ಎರಡನೇ ಆರ್ಡರ್ ಬಂದಾಗ ಮಾಲೀಕರು ಅಳತೆಯ ಜೊತೆ ಒಂದು ಫೋಟೊ ಕಳಿಸಿದ್ದರು. ಪೆಟ್ಟಿಗೆಗೆ ಹಚ್ಚಿದ ಟೇಪು, ಅದರ ತುದಿ ಒತ್ತಿ ಹಿಡಿದ ಕಾಕಾರ ಹೆಬ್ಬೆರಳು.